ಅಯೋಡಿನ್ ಹನಿ ನೀಲಿಯಾಗಿಯೇ ಉಳಿದ ದಿನ

ಬೆಳಿಗ್ಗೆ ಹನ್ನೊಂದು ಗಂಟೆ ಹತ್ತು ನಿಮಿಷ. ಚಹಾ ಇನ್ನೂ ಬರಲಿಲ್ಲವಲ್ಲ ಎಂದು ಗಡಿಯಾರ ನೋಡಿದ್ದರಿಂದ ಹೊತ್ತು ಅಷ್ಟು ಖಚಿತವಾಗಿ ನೆನಪಿದೆ. ಎದುರಿಗೆ ಗುಳಿಗಳಿರುವ ಬಿಳಿ ಪಿಂಗಾಣಿ ತಟ್ಟೆ. ಒಂದು ಗುಳಿಯಲ್ಲಿ ಆಗಷ್ಟೇ ಕೊಳವೆಯಿಂದ ತಂದ ಬಿಸಿ ದ್ರವದ ತೊಟ್ಟು. ಅದರ ಮೇಲೆ ನಾನು ಬಿಟ್ಟ ಅಯೋಡಿನ್ ಹನಿ. ಬಣ್ಣ ಕಂದುಗೆಂಪಾಗಬೇಕಿತ್ತು. ಆಗಲಿಲ್ಲ. ಶಾಯಿ ಚೆಲ್ಲಿದ ಹಾಗೆ ಕಡುನೀಲಿಯಾಗಿ ನಿಂತಿತು.

ಪಕ್ಕದ ಗುಳಿಗೆ ಇನ್ನೊಂದು ತೊಟ್ಟು ಹಾಕಿದೆ. ಮತ್ತೆ ನೀಲಿ.

ನಿವೃತ್ತಳಾಗಿ ಪುತ್ತೂರಿಗೆ ಬಂದು ನೆಲೆಸಿದ ಮೇಲೂ ಆ ನೀಲಿ ನನ್ನನ್ನು ಬಿಟ್ಟಿಲ್ಲ. ಒಲೆಯ ಮೇಲೆ ಕೂವೆ ಹುಡಿಯ ಸಿಹಿ ಮಣ್ಣಿ ಮಗುಚುವಾಗ ಅದು ಗಟ್ಟಿಯಾಗುತ್ತ ಬಂದು ಪೊಟ್ ಎಂದು ಒಂದು ಗುಳ್ಳೆ ಒಡೆದರೆ ಸಾಕು, ಸೌಟು ಬಿಟ್ಟು ಹಿಂದಕ್ಕೆ ಸರಿಯುತ್ತೇನೆ. ಬೆಂದ ಪಿಷ್ಟ ಮೈಗೆ ಹಾರಿದರೆ ನೀರಿನ ಹಾಗೆ ಜಾರಿ ಹೋಗುವುದಿಲ್ಲ, ಅಂಟಿಕೊಂಡು ಕೂತು ಸುಡುತ್ತದೆ ಎಂಬುದನ್ನು ನಾನು ಪುಸ್ತಕದಲ್ಲಿ ಓದಿ ತಿಳಿದವಳಲ್ಲ.

ಈಗ ಇಂಥ ಕೆಲಸಕ್ಕೆ ಸೇರುವ ಹುಡುಗ ಹುಡುಗಿಯರು ನನ್ನಲ್ಲಿ ಯಾವ ಯಂತ್ರ ಕಲಿತರೆ ಒಳ್ಳೆಯದು ಎಂದು ಕೇಳುತ್ತಾರೆ. ಅವರಿಗೆ ಹೇಳಲು ನನ್ನಲ್ಲಿರುವುದು ಆ ಪಿಂಗಾಣಿ ತಟ್ಟೆಯ ಕಥೆ. ಅದನ್ನು ಹೇಳುವ ಮೊದಲು ನಮ್ಮ ಕೆಲಸ ಎಂಥದ್ದು ಎಂದು ಹೇಳಬೇಕು.

ಕಡಬದಿಂದ ನೆಟ್ಟಣಕ್ಕೆ ಹೋಗುವ ರಸ್ತೆಯ ಬದಿಯಲ್ಲಿ ನಮ್ಮದು ಸಣ್ಣ ಕಾರ್ಖಾನೆ. ಮರಗೆಣಸಿನ ಪಿಷ್ಟದಿಂದ ದ್ರವ ಗ್ಲೂಕೋಸ್ ಮಾಡುತ್ತಿದ್ದೆವು. ಸಿಹಿತಿಂಡಿ ಮಾಡುವವರಿಗೂ ಔಷಧ ಮಾಡುವವರಿಗೂ ಹೋಗುತ್ತಿತ್ತು. ಪಿಷ್ಟವನ್ನು ನೀರಿನಲ್ಲಿ ಕಲಸಿ, ನಾವು ಹಾಲು ಎಂದೇ ಕರೆಯುವ ಬಿಳಿ ದ್ರವ ಮಾಡಿ, ಅದಕ್ಕೆ ಕಿಣ್ವ ಸೇರಿಸಿ, ಕೊಳವೆಯೊಳಗೆ ತಳ್ಳಿ, ಅಲ್ಲಿ ಅದಕ್ಕೆ ಒತ್ತಡದ ಹಬೆ ಹೊಡೆಸುವುದು. ಸಾಮಾನ್ಯವಾಗಿ ಪಿಷ್ಟ ಬೆಂದರೆ ಅಂಟಾಗುತ್ತದೆ. ಆದರೆ ಬೇಯುವಾಗಲೇ ಕಿಣ್ವ ಅದರ ಉದ್ದ ಸರಪಳಿಗಳನ್ನು ಕತ್ತರಿಸುತ್ತ ಹೋಗುವುದರಿಂದ ಕೊಳವೆಯ ಆಚೆ ತುದಿಯಲ್ಲಿ ತೆಳ್ಳಗಿನ ಗಂಜಿತಿಳಿಯಂಥ ದ್ರವ ಬರುತ್ತದೆ. ಕಿಣ್ವ ಕೆಲಸ ಮಾಡಿದರೆ ಗ್ಲೂಕೋಸ್, ಮಾಡದಿದ್ದರೆ ಕೊಳವೆ ತುಂಬ ಕುದಿಯುವ ಗೋಂದು. ಕತ್ತರಿಸದ ಪಿಷ್ಟಕ್ಕೆ ಅಯೋಡಿನ್ ತಾಗಿದರೆ ನೀಲಿ, ಕತ್ತರಿಸಿದ್ದಕ್ಕೆ ತಾಗಿದರೆ ಕಂದುಗೆಂಪು.

ಆ ಕಿಣ್ವ ಬ್ಯಾಕ್ಟೀರಿಯಾದಿಂದ ತೆಗೆದದ್ದು. ನೀರು ಕುದಿಯುವ ಬಿಸಿಯಲ್ಲೂ ಅದು ಕೆಲಸ ಮಾಡುತ್ತದೆ, ಒಂದು ಷರತ್ತಿನ ಮೇಲೆ. ಅದರ ಮಡಿಕೆಗಳ ನಡುವೆ ಕ್ಯಾಲ್ಸಿಯಂ ಅಯಾನು ಕೂತಿರಬೇಕು. ಕ್ಯಾಲ್ಸಿಯಂ ತಾನಾಗಿ ಪಿಷ್ಟವನ್ನು ಕತ್ತರಿಸುವುದಿಲ್ಲ. ಕಿಣ್ವದ ಆಕಾರ ಬಿಚ್ಚಿಹೋಗದಂತೆ ಹಿಡಿದುಕೊಳ್ಳುತ್ತದೆ, ಅಷ್ಟೆ. ಅದು ಬಿಟ್ಟುಹೋದರೆ ಮೊಟ್ಟೆಯ ಬಿಳಿ ಬೆಂದ ಹಾಗೆ ಕಿಣ್ವವೂ ಬೆಂದುಹೋಗುತ್ತದೆ. ಎಂ.ಎಸ್ಸಿಯಲ್ಲಿ ಇದನ್ನು ಬರೆದು ಅಂಕ ತೆಗೆದುಕೊಂಡಿದ್ದೆ. ನಂಬಿದ್ದು ಕೆಲಸಕ್ಕೆ ಸೇರಿದ ಮೊದಲ ಮಳೆಗಾಲದಲ್ಲಿ.

ಆಗ ನನ್ನ ಮೇಲಧಿಕಾರಿ ಕಾಮತರು. ಮೂಗಿನ ತುದಿಯಲ್ಲಿ ಕನ್ನಡಕ, ಅದರ ಮೇಲಿನಿಂದ ನೋಟ. ಜೂನ್ ಹಿಡಿದ ಮೇಲೆ ನಮ್ಮ ದ್ರವ ದಪ್ಪವಾಗುತ್ತ ಬಂತು. ಕಾಮತರು ಕಿಣ್ವ ಪೂರೈಸುವವರಿಗೆ ಫೋನು ಮಾಡಿ ಬೈಯುವುದನ್ನೇ ದಿನದ ಮೊದಲ ಕೆಲಸ ಮಾಡಿಕೊಂಡರು. ಒಂದು ದಿನ ನಾನು ತೊರೆಯ ನೀರನ್ನು ಸೀಸೆಯಲ್ಲಿ ಹಿಡಿದು ಕೂತಿದ್ದೆ.

"ಎಂತ ಮಾಡ್ತಾ ಇದ್ದೀ?"

"ನೀರು ನೋಡ್ತಾ ಇದ್ದೇನೆ ಸರ್."

"ಎಂಜೈಮು ಸರಿ ಇಲ್ಲ ಅಂತ ನಾನು ಹೇಳಿದ ಮೇಲೆ ನೀರು ಎಂತಕ್ಕೆ ನೋಡುದು?"

"ಎಂಜೈಮು ಮೇ ತಿಂಗಳಲ್ಲಿಯೂ ಇದೇ ಇತ್ತಲ್ಲ ಸರ್. ಬದಲಾದ್ದು ನೀರು ಮಾತ್ರ."

ಬೇಸಗೆಯಲ್ಲಿ ನಾವು ಕೊಳವೆಬಾವಿಯ ನೀರು ಬಳಸುತ್ತಿದ್ದೆವು. ಮಳೆ ಬಂದ ಮೇಲೆ ತೊರೆಯ ನೀರು. ತೊರೆಯದ್ದೆಂದರೆ ಹೆಚ್ಚುಕಡಿಮೆ ಮಳೆಯ ನೀರೇ. ಸೋಪಿಗೆ ನೊರೆ ಚೆನ್ನಾಗಿ ಬರುವ ನೀರು. ಅದರಲ್ಲಿ ಕ್ಯಾಲ್ಸಿಯಂ ಇಲ್ಲವೆಂಬಷ್ಟು ಕಡಿಮೆ. ಕಾಮತರು ಸೀಸೆಯನ್ನೂ ನನ್ನನ್ನೂ ನೋಡಿ, "ಹಾಗಾದ್ರೆ ನಿನ್ನ ನೀರಿಗೇ ಮದ್ದು ಕೊಡು, ನೋಡುವ" ಎಂದರು. ಕ್ಯಾಲ್ಸಿಯಂ ಕ್ಲೋರೈಡನ್ನು ಲೆಕ್ಕ ಹಾಕಿ ಸೇರಿಸಿದೆವು. ಸಂಜೆಯೊಳಗೆ ದ್ರವ ತೆಳ್ಳಗಾಯಿತು. ಅವರು ನನ್ನನ್ನು ಎದುರಿನಲ್ಲಿ ಹೊಗಳಿದವರಲ್ಲ. ಆದರೆ ಹೊರಗಿನವರು ಬಂದಾಗ, "ಇವಳು ನೀರು ನೋಡಿ ಜಾತಕ ಹೇಳ್ತಾಳೆ ಮಾರಾಯ್ರೆ" ಎಂದು ಪರಿಚಯ ಮಾಡಿಸುತ್ತಿದ್ದರು. ಆ ಮಾತನ್ನು ನಾನು ಇಂದಿಗೂ ಪದಕದ ಹಾಗೆ ಧರಿಸಿಕೊಂಡಿದ್ದೇನೆ.

ಎಷ್ಟೋ ವರ್ಷಗಳ ಮೇಲೆ ಇನ್ನೂ ಸಿಹಿಯಾದ ಪಾಕ ಮಾಡುವ ಹೊಸ ಸ್ತಂಭವೊಂದನ್ನು, ಎಂದರೆ ಕಿಣ್ವ ತುಂಬಿದ ಎತ್ತರದ ಪಾತ್ರೆಯನ್ನು, ಹಾಕಿದೆವು. ಅದರೊಳಗಿನ ಕಿಣ್ವವೂ ಬ್ಯಾಕ್ಟೀರಿಯಾದ್ದೇ, ಆದರೆ ಜಾತಿ ಬೇರೆ. ಅದಕ್ಕೆ ಬೇಕಾದ್ದು ಮೆಗ್ನೀಸಿಯಂ. ಕ್ಯಾಲ್ಸಿಯಂ ಬಂದರೆ ಮೆಗ್ನೀಸಿಯಂ ಕೂರುವ ಜಾಗದಲ್ಲಿ ತಾನು ಕೂತು ಕೆಲಸ ಕೆಡಿಸುತ್ತದೆ. ಹಾಗಾಗಿ ಹಿಂದಿನ ಹಂತದಲ್ಲಿ ನಾವೇ ಹಾಕಿದ ಕ್ಯಾಲ್ಸಿಯಂ ಅನ್ನು ಅಲ್ಲಿಗೆ ಹೋಗುವ ಮೊದಲು ನಾವೇ ತೆಗೆಯಬೇಕು. ಇದೆಲ್ಲ ಗೊತ್ತಿಲ್ಲದ ಹೊಸ ಆಪರೇಟರ್ ಒಬ್ಬ, ಸ್ತಂಭ ಸ್ವಲ್ಪ ಸೊರಗಿದಂತೆ ಕಂಡಾಗ ಒಂದು ಬಕೆಟ್ ಕ್ಯಾಲ್ಸಿಯಂ ನೀರನ್ನೇ ಅದಕ್ಕೆ ಹೊಯ್ದ. ಅವನ ಹೆಸರು ವಸಂತ. ಕಲ್ಲುಗುಂಡಿಯವನು.

"ಎಂತ ಮಾಡಿದ್ದು ಮಾರಾಯ ನೀನು?"

"ಶಕ್ತಿ ಬರ್ಲಿ ಅಂತ ಮೇಡಂ. ನನ್ನ ಹೆಂಡತಿಗೆ ಡಾಕ್ಟ್ರು ಅದನ್ನೇ ಕೊಟ್ಟದ್ದು."

"ನಿನ್ನ ಹೆಂಡತಿ ಬ್ಯಾಕ್ಟೀರಿಯವಾ?"

"ಅವಳಿಗೆ ಹೇಳ್ಬೇಡಿ ಮೇಡಂ, ಮತ್ತೆ ಊಟ ಇಲ್ಲ ನನಗೆ."

ಪ್ರಯೋಗಾಲಯ ಇಡೀ ನಕ್ಕಿತು. ಸ್ತಂಭ ಸರಿಯಾಗಲು ದಿನಗಳೇ ಬೇಕಾದವು. ಆದರೆ ಮರುದಿನದಿಂದ ವಸಂತ ಕೆಲಸ ಮುಗಿದ ಮೇಲೆ ಬಂದು ನನ್ನ ಮೇಜಿನ ಬಳಿ ನಿಂತು ಒಂದೊಂದೇ ಕೇಳತೊಡಗಿದ. ಯಾವುದಕ್ಕೆ ಯಾವ ಲೋಹ? ಸತು ಹಾಕಿದರೆ ಎಂತ? ಕಬ್ಬಿಣ ಹಾಕಿದರೆ? ಅಂದಿನಿಂದ ಅವನಿಗೆ ಒಂದು ಅಭ್ಯಾಸವೂ ಹತ್ತಿತು. ಏನು ಮಾಡಿದರೂ ಬಾಯಿಬಿಟ್ಟು ಹೇಳುವುದು. "ಹಾಲು ಬಿಟ್ಟೆ. ಎಂಜೈಮು ಪಂಪ್ ಹಾಕಿದೆ. ಸ್ಟೀಮ್ ಬಿಡ್ತೇನೆ." ಪಕ್ಕದಲ್ಲಿ ಯಾರೂ ಇಲ್ಲದಿದ್ದರೂ ಹೇಳುತ್ತಿದ್ದ. ಉಳಿದವರು ಅದನ್ನು ವಸಂತನ ಮಂತ್ರವೆಂದು ತಮಾಷೆ ಮಾಡುತ್ತಿದ್ದರು. ಹಬೆಯ ಕೊಳವೆಯ ಉಸ್ತುವಾರಿ ಅವನ ಕೈಗೆ ಬಂದದ್ದು ಆ ಅಭ್ಯಾಸದಿಂದಲೇ.

ಕಾಮತರ ನಂತರ ಮೆನೇಜರ್ ಆಗಿ ಬಂದವರು ವಿಠಲ ರೈಗಳು. ಕುಂಬ್ರದ ಕಡೆ ದೊಡ್ಡ ತೋಟ ಇದ್ದವರು. ಮಾತು ಜೋರು, ಕೈಯೂ ಧಾರಾಳ. ಪ್ರಯೋಗಾಲಯವನ್ನು ಅಡುಗೆ ಕೋಣೆ ಎಂದೇ ಕರೆಯುತ್ತಿದ್ದರು. "ಸುಮತಿಯವರೇ, ಇವತ್ತು ಎಂತ ಸ್ಪೆಷಲ್?" ಎಂದು ಕೇಳಿಕೊಂಡೇ ಒಳಗೆ ಬರುವುದು. ಅವರೇ ಓಡಾಡಿ ನನಗೆ ಒಂದು ಹೊಸ ಯಂತ್ರ ತರಿಸಿಕೊಟ್ಟರು. ಬಣ್ಣವನ್ನು ಕಣ್ಣಿನಿಂದ ನೋಡುವ ಬದಲು ಅಂಕಿಯಲ್ಲಿ ಹೇಳುವ ಯಂತ್ರ. ಅದು ಬಂದ ದಿನ ಪಿಂಗಾಣಿ ತಟ್ಟೆ ಎತ್ತಿ, "ಇದನ್ನು ಇನ್ನು ಮ್ಯೂಸಿಯಮ್ಮಿಗೆ ಕೊಡಿ" ಎಂದರು. ನಾನು ಅವರ ಕೈಯಿಂದ ತೆಗೆದುಕೊಂಡು ತೊಳೆದು ಮತ್ತೆ ಕಿಟಕಿಯ ಬಳಿ ಇಟ್ಟೆ. ಯಂತ್ರ ಎಷ್ಟು ಎಂದು ಹೇಳುತ್ತದೆ. ಆದರೆ ಅದಕ್ಕೆ ಮಾದರಿಯನ್ನು ತಣಿಸಬೇಕು, ಸೋಸಬೇಕು, ಕಾಯಬೇಕು. ತಟ್ಟೆ ಹೌದೋ ಅಲ್ಲವೋ ಎಂದು ಆ ಕ್ಷಣವೇ ಹೇಳುತ್ತದೆ. ಕಾರ್ಖಾನೆಯಲ್ಲಿ ಮೊದಲು ಬೇಕಾಗುವುದು ಅದು.

ಇನ್ನು ಆ ದಿನಕ್ಕೆ ಬರುತ್ತೇನೆ.

ಕಿಣ್ವವನ್ನು ನೀರಿನಲ್ಲಿ ತೆಳು ಮಾಡಿ ಇಡುವ ಡ್ರಮ್ಮಿನ ತಳ ಹಿಂದಿನ ವಾರ ಬಿರುಕು ಬಿಟ್ಟಿತ್ತು. ಹೊಸತು ಬರಲು ತಡವಾಗುವುದೆಂದು ತಿಳಿದಾಗ ರೈಗಳು, "ಒಂದು ಡ್ರಮ್ಮಿಗೆ ಕೆಲಸ ನಿಲ್ಲಿಸುದಾ? ನಮ್ಮ ಮನೆಯಲ್ಲಿ ಉಂಟಲ್ಲ" ಎಂದು ಮರುದಿನವೇ ತಮ್ಮ ಪಿಕಪ್ಪಿನಲ್ಲಿ ಒಂದನ್ನು ಹಾಕಿಸಿಕೊಂಡು ಬಂದರು. ಎಲ್ಲ ಕಡೆ ಕಾಣುವ ನೀಲಿ ಪ್ಲಾಸ್ಟಿಕ್ ಡ್ರಮ್ಮು. ತಳದಲ್ಲಿ ನಲ್ಲಿ. ತೊಳೆದು ಥಳಥಳ ಹೊಳೆಯುತ್ತಿತ್ತು. ಆ ಬೆಳಿಗ್ಗೆ ವಸಂತ ಮೊದಲ ಬಾರಿಗೆ ಅದರಲ್ಲಿ ಕಿಣ್ವ ಕಲಸಿ ಪಂಪಿಗೆ ಜೋಡಿಸಿದ್ದ.

ಹನ್ನೊಂದು ಹತ್ತಕ್ಕೆ ಎರಡು ಗುಳಿಯೂ ನೀಲಿಯಾದಾಗ ನಾನು ತಟ್ಟೆಯನ್ನು ಕೈಯಲ್ಲಿ ಹಿಡಿದೇ ಹೊರಗೆ ಓಡಿದೆ. ಪಂಪು, ಬಾಯ್ಲರು, ಕಲಕುವ ಯಂತ್ರಗಳ ಗದ್ದಲದಲ್ಲಿ ನನ್ನ ಕೂಗು ನನಗೇ ಕೇಳುತ್ತಿರಲಿಲ್ಲ. ಒತ್ತಡದ ಮುಳ್ಳು ಎಂದೂ ಇರದ ಜಾಗಕ್ಕೆ ಹೋಗಿತ್ತು. ಆ ಒತ್ತಡಕ್ಕೆ ತಾನಾಗಿ ತೆರೆದುಕೊಳ್ಳಬೇಕಾದ ಸುರಕ್ಷಾ ವಾಲ್ವ್ ಸುಮ್ಮನೆ ಕೂತಿತ್ತು. ಗೋಂದು ಅದರ ಬಾಯನ್ನೂ ಮುಚ್ಚಿದೆ ಎಂದು ನನಗೆ ಆಗಲೇ ಹೊಳೆಯಿತು. ವಸಂತ ಸ್ಪ್ಯಾನರ್ ಹಿಡಿದು, ಎರಡು ಕೊಳವೆಗಳನ್ನು ಬೋಲ್ಟು ಹಾಕಿ ಕೂಡಿಸಿದ ಜಾಗಕ್ಕೆ ಮುಖ ಕೊಟ್ಟು ನಿಂತಿದ್ದ. ಹರಿವು ಕಡಿಮೆಯಾದದ್ದರಿಂದ ಜಾಲರಿಗೆ ಕಸ ಸಿಕ್ಕಿರಬೇಕೆಂದು ಬಿಚ್ಚಲು ಬಂದಿದ್ದ.

ಕೂಗಿ ಪ್ರಯೋಜನವಿಲ್ಲವೆಂದು ನಾನು ತಟ್ಟೆಯನ್ನು ಎತ್ತಿ ಅವನ ಕಡೆಗೆ ಹಿಡಿದೆ. ಅವನು ತಿರುಗಿ ನೋಡಿದ. ಬಿಳಿಯ ಮೇಲೆ ಎರಡು ನೀಲಿ ಕಣ್ಣು. ಅಷ್ಟು ವರ್ಷ ನನ್ನ ಮೇಜಿನ ಬಳಿ ನಿಂತು ಕಲಿತದ್ದು ಆ ಒಂದು ಗಳಿಗೆಯಲ್ಲಿ ಅವನ ಮುಖದಲ್ಲಿ ಕಂಡಿತು. ಸ್ಪ್ಯಾನರ್ ಎಸೆದ.

ಓಡಿಹೋಗಬಹುದಿತ್ತು. ಓಡಲಿಲ್ಲ. ಕೊಳವೆಯ ಪಕ್ಕದಲ್ಲೇ ಬಗ್ಗಿ ಹಬೆಯ ವಾಲ್ವಿನ ಕಡೆ ಹೋದ. ಅದು ತೆರೆದೇ ಇದ್ದರೆ ಬಾಯ್ಲರಿನ ಹಬೆ ಎಲ್ಲ ಈ ಮುಚ್ಚಿದ ಕೊಳವೆಗೆ ಬರುತ್ತಲೇ ಇರುತ್ತಿತ್ತು. ಆಚೆ ಬದಿಯಲ್ಲಿ ಮೂಟೆ ಇಳಿಸುವ ಆಳುಗಳಿದ್ದರು. ಅಷ್ಟರಲ್ಲಿ ರೈಗಳು ಆಫೀಸಿನ ಮೆಟ್ಟಿಲಿಳಿದು ನನ್ನ ಪಕ್ಕಕ್ಕೆ ಓಡಿಬಂದು ವಸಂತನ ಕಡೆಗೆ ಕಿರುಚಿದರು.

"ಸ್ಟೀಮ್ ನಿಲ್ಲಿಸ್ಬೇಡ! ಇಡೀ ಪೈಪು ಕಟ್ತದೆ! ಕ್ಯಾಲ್ಸಿಯಂ ಹಾಕಿ!"

"ಕಟ್ಲಿ ಸರ್! ಜನ ಉಂಟು ಅಲ್ಲಿ!" ಎಂದೆ. ನಾನು ಮೇಲಧಿಕಾರಿಗೆ ಎದುರು ಕಿರುಚಿದ್ದು ಇಡೀ ನೌಕರಿಯಲ್ಲಿ ಅದೊಂದೇ ಸಲ.

ವಸಂತ ಚಕ್ರ ತಿರುಗಿಸಿದ, ಇನ್ನೊಂದು ಸುತ್ತು, ಇನ್ನೊಂದು. ವಾಲ್ವ್ ಪೂರ್ತಿ ಮುಚ್ಚುವುದಕ್ಕೂ ಕೊಳವೆಗಳ ನಡುವಿನ ಗ್ಯಾಸ್ಕೆಟ್ ಹರಿಯುವುದಕ್ಕೂ ಸರಿಹೋಯಿತು. ಸ್ಫೋಟದ ಸದ್ದೇನೂ ಆಗಲಿಲ್ಲ. ಹೊಸ ಬಟ್ಟೆಯನ್ನು ಯಾರೋ ಸಿಟ್ಟಿನಿಂದ ಹರಿದ ಹಾಗೆ ಒಂದು ಸದ್ದು. ಬಿಳಿ ಗೋಂದು ಹಾರಿ ಎದುರಿನ ಗೋಡೆಗೆ ರಪ್ಪನೆ ಅಂಟಿತು. ಸ್ವಲ್ಪ ಮೊದಲು ವಸಂತನ ಮುಖ ಇದ್ದ ನೇರದಲ್ಲಿ. ಈಗ ಅವನು ಬದಿಗಿದ್ದ. ಆದರೆ ಎಡಗೈ ಚಕ್ರದ ಮೇಲೆ ಚಾಚಿತ್ತು. ಮೊಣಕೈಯಿಂದ ಬೆರಳಿನವರೆಗೆ ಹೊಡೆಯಿತು.

ನಾನು ಅವನನ್ನು ಎಳೆದು ನಲ್ಲಿಯ ಕೆಳಗೆ ಕೈ ಹಿಡಿಸಿದೆ. ಯಾರೋ ಅಂಟಿದ್ದನ್ನು ಕಿತ್ತು ತೆಗೆಯಲು ಬಂದರು. ಅವರ ಕೈಗೆ ಹೊಡೆದೆ. ಕಿತ್ತರೆ ಚರ್ಮವೂ ಬರುತ್ತದೆ. ನೀರು, ನೀರು, ಮತ್ತೂ ನೀರು. ವಸಂತ ಅಳಲಿಲ್ಲ. ಹಲ್ಲು ಕಚ್ಚಿಕೊಂಡು, "ಸ್ಟೀಮ್ ನಿಲ್ಲಿಸಿದೆ ಮೇಡಂ. ಸ್ಟೀಮ್ ನಿಲ್ಲಿಸಿದೆ" ಎಂದು ಅದನ್ನೇ ಹೇಳುತ್ತಿದ್ದ.

ಆ ರಾತ್ರಿಯಿಂದ ನನಗೆ ನಿದ್ದೆ ಹೋಯಿತು. ಕಣ್ಣು ಮುಚ್ಚಿದರೆ ಆ ಬಟ್ಟೆ ಹರಿಯುವ ಸದ್ದು. ಒಮ್ಮೊಮ್ಮೆ ನೆನಪು ಬೇರೆ ದಾರಿ ಹಿಡಿಯುತ್ತಿತ್ತು. ನಾನು ತಟ್ಟೆ ಎತ್ತುತ್ತೇನೆ, ವಸಂತ ತಿರುಗಿ ನೋಡುವುದೇ ಇಲ್ಲ. ಎದ್ದು ಕೂರುತ್ತಿದ್ದೆ. ಹೈಸ್ಕೂಲು ಮೇಷ್ಟ್ರಾಗಿದ್ದ ನನ್ನ ಗಂಡ ಏನೂ ಕೇಳದೆ ದೀಪ ಹಾಕಿ, ನೀರು ಕೊಟ್ಟು, ಮತ್ತೆ ಮಲಗುತ್ತಿದ್ದರು.

ಮರುದಿನ ಕಾರ್ಖಾನೆಯಲ್ಲಿ ರೈಗಳು ಎಲ್ಲರ ಎದುರು ಹೇಳಿದ ಮಾತು ಇದು. "ವಸಂತ ಎಂಜೈಮು ಪಂಪ್ ಹಾಕ್ಲಿಕ್ಕೆ ಮರೆತಿದ್ದಾನೆ. ಬೇರೆ ಎಂತದೂ ಅಲ್ಲ. ಮಂತ್ರ ಹೇಳಿದ್ರೆ ಸಾಕಾ, ಸ್ವಿಚ್ಚು ಹಾಕ್ಬೇಡ್ವಾ?"

ಯಾರೋ ನಕ್ಕರು. ಅಪಘಾತದಲ್ಲಿ ಕರೆಂಟು ಹೋಗಿ ಎಲ್ಲ ಪಂಪುಗಳೂ ನಿಂತಿದ್ದರಿಂದ, ಅದು ಮೊದಲು ಓಡುತ್ತಿತ್ತೆಂದು ಪಂಪು ನೋಡಿ ಹೇಳುವ ದಾರಿ ಇರಲಿಲ್ಲ. ತಪ್ಪು ಅವನದ್ದೆಂದು ನಿಂತರೆ ಕೆಲಸ ಹೋಗುವುದು ಖಂಡಿತ. ಸುಟ್ಟ ಕೈಯವನಿಗೆ, ಪಂಪ್ ಹಾಕಲು ಮರೆತವನೆಂಬ ಹೆಸರು ಹೊತ್ತವನಿಗೆ, ಬೇರೆ ಯಾರು ಹಬೆಯ ಕೊಳವೆ ಒಪ್ಪಿಸುತ್ತಾರೆ?

ಪುತ್ತೂರಿನ ಆಸ್ಪತ್ರೆಗೆ ಹೋದೆ. ವಸಂತನ ಹೆಂಡತಿ ಲೀಲಾವತಿ ಬಾಗಿಲಲ್ಲೇ ನಿಂತಿದ್ದಳು. ಸುದ್ದಿ ಅಲ್ಲಿಗೂ ಮುಟ್ಟಿತ್ತು.

"ಮೇಡಂ, ಇವ್ರು ಗ್ಯಾಸಿನ ನಾಬ್ ತಿರುಗಿಸಿದ್ರೂ ತಿರುಗಿಸಿದೆ ಅಂತ ಹೇಳುವ ಜನ. ಪಂಪ್ ಮರೀತಾರಾ?" ಎಂದಳು.

ಒಳಗೆ ವಸಂತ ಬ್ಯಾಂಡೇಜಿನ ಕೈಯನ್ನು ದಿಂಬಿನ ಮೇಲಿಟ್ಟು ಮಲಗಿದ್ದ. ನನ್ನನ್ನು ನೋಡಿದವನೇ ಕೇಳಿದ.

"ನಾನು ಪಂಪ್ ಹಾಕಿದ್ದೆನಾ ಮೇಡಂ?"

"ಹಾಕಿರ್ತೀಯ."

"ಹಾಕಿದೆ ಅಂತ ಹೇಳಿದ್ದು ನೆನಪುಂಟು. ಹಾಕಿದ್ದು ನೆನಪಿಗೆ ಬರುದಿಲ್ಲ. ದಿನಾ ಹೇಳುದಲ್ವಾ, ಬಾಯಿ ಮಾತ್ರ ಹೇಳಿತೋ ಏನೋ."

ಸುಟ್ಟ ಗಾಯಕ್ಕಿಂತ ನನ್ನನ್ನು ಹೆಚ್ಚು ನಡುಗಿಸಿದ್ದು ಆ ಮಾತು. ಅವನ ಕೈ ಸರಿಮಾಡುವುದು ವೈದ್ಯರ ಕೆಲಸ. ಇದು ನನ್ನ ಕೆಲಸ ಎಂದುಕೊಂಡು ಬಸ್ಸು ಹತ್ತಿದೆ.

ಡ್ರಮ್ಮಿನಲ್ಲಿ ಉಳಿದದ್ದನ್ನು ಯಾರೂ ಚೆಲ್ಲದಂತೆ ಆ ದಿನವೇ ಮುಚ್ಚಿಡಿಸಿದ್ದೆ. ಪ್ರಯೋಗಾಲಯದಲ್ಲಿ ಪಿಷ್ಟ ಬೇಯಿಸಿ ಕೆಲವು ನಳಿಗೆಗಳಿಗೆ ಹಂಚಿದೆ. ಮೊದಲನೆಯದಕ್ಕೆ ಕಿಣ್ವ ಬಂದ ಮೂಲ ಕ್ಯಾನಿನಿಂದ ತೆಗೆದು ನಾನೇ ನೀರಿನಲ್ಲಿ ತೆಳು ಮಾಡಿದ್ದನ್ನು ಹಾಕಿದೆ. ಅಯೋಡಿನ್ನಿನ ನೀಲಿ ನೇರಳೆಯಾಗಿ, ಕೆಂಪಾಗಿ, ಕೊನೆಗೆ ಚಹಾದ ಬಣ್ಣಕ್ಕೆ ಬಂತು. ಕಿಣ್ವ ಚೆನ್ನಾಗಿದೆ. ಎರಡನೆಯದಕ್ಕೆ ಡ್ರಮ್ಮಿನದು. ನೀಲಿ ಕದಲಲಿಲ್ಲ. ಮೂರನೆಯದಕ್ಕೆ ಡ್ರಮ್ಮಿನದರ ಜೊತೆ ಕ್ಯಾಲ್ಸಿಯಂ. ಆಗಲೂ ಕದಲಲಿಲ್ಲ.

ರೈಗಳು ಬಾಗಿಲಲ್ಲಿ ನಿಂತು ನೋಡುತ್ತಿದ್ದರು. "ನೋಡಿ. ಡ್ರಮ್ಮಿಗೆ ಎಂಜೈಮನ್ನೇ ಹಾಕ್ಲಿಲ್ಲ ಅವ. ಬರೇ ನೀರು. ಪಂಪ್ ಓಡಿದ್ರೂ ಓಡದಿದ್ರೂ ಒಂದೇ."

ತಪ್ಪು ಈಗ ಸ್ವಿಚ್ಚಿನಿಂದ ಡ್ರಮ್ಮಿಗೆ ಬಂದಿತ್ತು. ಹೊರಿಸುವುದು ಮಾತ್ರ ವಸಂತನ ಮೇಲೆಯೇ.

"ಬರೇ ನೀರಾದ್ರೆ ಯಾವ ಮದ್ದಿಗೂ ಏಳ್ಲಿಕ್ಕಿಲ್ಲ ಸರ್. ಇನ್ನೊಂದು ಬಾಕಿ ಉಂಟು" ಎಂದೆ.

ಲೋಹದ ಅಯಾನುಗಳನ್ನು ಕೊಕ್ಕೆ ಹಾಕಿದಂತೆ ಹಿಡಿದುಕೊಳ್ಳುವ ಒಂದು ರಾಸಾಯನಿಕವಿದೆ. ನಾವು ಇಡಿಟಿಎ ಎನ್ನುತ್ತೇವೆ. ಅದಕ್ಕೆ ಎಲ್ಲ ಲೋಹದ ಮೇಲೂ ಒಂದೇ ಪ್ರೀತಿ ಇಲ್ಲ. ಕ್ಯಾಲ್ಸಿಯಂ ಅನ್ನೂ ಹಿಡಿಯುತ್ತದೆ, ಆದರೆ ತಾಮ್ರದಂಥದ್ದು ಸಿಕ್ಕರೆ ಕ್ಯಾಲ್ಸಿಯಂ ಬಿಟ್ಟು ಅದನ್ನು ಹಿಡಿಯುತ್ತದೆ. ನಾಲ್ಕನೆಯ ನಳಿಗೆಗೆ ಹಾಕುವ ಮೊದಲು, ಡ್ರಮ್ಮಿನ ದ್ರವಕ್ಕೆ ಸ್ವಲ್ಪವೇ ಇಡಿಟಿಎ ಹಾಕಿ, ಕ್ಯಾಲ್ಸಿಯಂ ಅನ್ನು ಕೊರತೆ ಆಗದಂತೆ ಧಾರಾಳವಾಗಿ ಸೇರಿಸಿದೆ. ಕಾದೆವು. ಅಯೋಡಿನ್ ಹಾಕಿದಾಗ ಮೊದಲು ನೀಲಿ. ಮುಂದಿನ ತೊಟ್ಟು ನೇರಳೆ. ಅದರ ಮುಂದಿನದು ಕೆಂಪಿಗೆ ತಿರುಗಿತು. ಚಹಾದ ಬಣ್ಣಕ್ಕೆ ಬರಲಿಲ್ಲ. ಅಷ್ಟು ಬರುವುದೂ ಬೇಕಿರಲಿಲ್ಲ.

"ಎಂಜೈಮು ಉಂಟು ಸರ್ ಡ್ರಮ್ಮಲ್ಲಿ. ವಸಂತ ಹಾಕಿದ್ದಾನೆ. ಅದರ ಕೈಕಾಲು ಯಾವುದೋ ಲೋಹ ಕಟ್ಟಿಹಾಕಿತ್ತು. ಬಿಡಿಸಿದ ಕೂಡಲೇ ಕೆಲಸಕ್ಕೆ ಇಳಿಯಿತು, ನೋಡಿ."

"ಲೋಹ ಎಲ್ಲಿಂದ ಬರ್ಬೇಕು?"

ನಾನು ಡ್ರಮ್ಮಿನ ನಲ್ಲಿಯನ್ನು ಬಿಚ್ಚಿ, ತಿರುಪಿನ ಸಂದನ್ನು ಹತ್ತಿಯಿಂದ ಒರೆಸಿದೆ. ಮುಚ್ಚಳದ ಅಂಚಿನ ಮಡಿಕೆಯನ್ನೂ ಒರೆಸಿದೆ. ಡ್ರಮ್ಮಿನ ಮೇಲಿರುವಾಗ ಕಾಣದಿದ್ದದ್ದು ಬಿಳಿ ಹತ್ತಿಯ ಮೇಲೆ ಕಂಡಿತು. ತಿಳಿನೀಲಿ ಹುಡಿ. ಅದರ ಮೇಲೆ ಎರಡು ಹನಿ ಅಮೋನಿಯಾ ಬಿಟ್ಟೆ. ಹತ್ತಿ ಗಾಢ ನೀಲಿಯಾಯಿತು, ತಾಮ್ರದ ಗುರುತು.

ಅದು ಏನೆಂದು ನಾನು ರೈಗಳಿಗೆ ಹೇಳಬೇಕಾಗಲಿಲ್ಲ. ಪ್ರತಿ ಮಳೆಗಾಲ ಮಳೆ ಬಿಟ್ಟು ಹೊಳವು ಕಂಡ ಕೂಡಲೇ ಅಡಿಕೆ ಕೊಳೆಯದಂತೆ ಮೈಲುತುತ್ತು ಮತ್ತು ಸುಣ್ಣ ಕಲಸಿ ಗೊನೆಗಳಿಗೆ ಹೊಡೆಸುವವರು ಅವರು. ಅದನ್ನು ಕಲಸುವುದು ಇಂಥ ಡ್ರಮ್ಮಿನಲ್ಲೇ. ನಮ್ಮ ಕಡೆಯ ಮನೆಗಳಲ್ಲಿ ಅದಕ್ಕೆ ಮದ್ದು ಎಂಬ ಹೆಸರೇ ಹೊರತು ತಾಮ್ರ ಎಂದು ಯಾರಿಗೂ ನೆನಪಿರುವುದಿಲ್ಲ. ಮದ್ದು ಬಿಟ್ಟು ಮುಗಿದರೆ ಡ್ರಮ್ಮು ತೊಳೆದು ಬೇರೆ ಕೆಲಸಕ್ಕೆ ಇಡುತ್ತಾರೆ. ಹಾಗೆ ಇಟ್ಟದ್ದು ನೇರ ನಮ್ಮ ಕಿಣ್ವಕ್ಕೆ ಬಂದಿತ್ತು.

ರೈಗಳು ಸ್ಟೂಲಿನ ಮೇಲೆ ಕೂತರು. "ಮೂರು ಸಲ ತೊಳೆಸಿದ್ದೆ ಸುಮತಿಯವರೇ. ಹುಣಸೆಹುಳಿ ಹಾಕಿ ತಿಕ್ಕಿಸಿದ್ದೆ."

"ಹುಳಿಗೆ ಮೇಲಿಂದು ಬಿಟ್ಟಿದೆ ಸರ್. ಸಂದಿಂದು ಬಿಡ್ಲಿಲ್ಲ. ನೀಲಿ ಡ್ರಮ್ಮಲ್ಲಿ ನೀಲಿ ಕಾಣುದು ಹೇಗೆ?"

ಅವರು ಹತ್ತಿಯನ್ನು ನನ್ನ ಕೈಯಿಂದ ತೆಗೆದುಕೊಂಡು ಮೇಜಿನ ಮೇಲಿಟ್ಟರು. ಆಮೇಲೆ, "ವಸಂತನಿಗೆ ನೀವು ಹೇಳ್ಬೇಡಿ" ಎಂದರು.

ಮುಚ್ಚಿಹಾಕುತ್ತಾರೆ ಎಂದುಕೊಂಡೆ. ಜಗಳಕ್ಕೆ ಮನಸ್ಸಿನಲ್ಲೇ ಸಿದ್ಧಳಾದೆ.

"ನಾನೇ ಹೇಳ್ತೇನೆ. ನೀವು ಜೊತೆಗೆ ಬನ್ನಿ. ಒಬ್ಬನೇ ಹೋಗ್ಲಿಕ್ಕೆ ನನಗೆ ಧೈರ್ಯ ಸಾಲುದಿಲ್ಲ."

ಆಸ್ಪತ್ರೆಯಲ್ಲಿ ಅವರು ಕೂರಲಿಲ್ಲ. ಮಂಚದ ಬುಡದಲ್ಲಿ ನಿಂತು ಹೇಳಿದರು. "ನಿನ್ನ ಕೆಲಸ ಸರಿ ಇತ್ತು ವಸಂತ. ಎಂಜೈಮು ಹಾಕಿದ್ದೂ ಸರಿ, ಪಂಪ್ ಹಾಕಿದ್ದೂ ಸರಿ. ನನ್ನ ಡ್ರಮ್ಮು ಸರಿ ಇರ್ಲಿಲ್ಲ. ಅದರಲ್ಲಿ ಮೈಲುತುತ್ತು ಇತ್ತು."

ವಸಂತ ನನ್ನ ಕಡೆ ನೋಡಿದ. ನಾನು ತಲೆಯಾಡಿಸಿದೆ. "ಪಂಪಿನ ವಿಷಯ ಹೇಗೆ ಗೊತ್ತಾಯ್ತು ಮೇಡಂ?" ಎಂದು ಕೇಳಿದ. ಆ ಸ್ಥಿತಿಯಲ್ಲೂ ಅವನಿಗೆ ಪುರಾವೆ ಬೇಕಿತ್ತು.

"ಡ್ರಮ್ಮು ಕಾಲು ಭಾಗ ಖಾಲಿಯಾಗಿತ್ತಲ್ಲ ಮಾರಾಯ. ಪಂಪ್ ಓಡದೆ ಅದು ಎಲ್ಲಿಗೆ ಹೋಗ್ಬೇಕು? ಗೋಡೆಗೆ ಅಂಟಿದ ಗೋಂದಲ್ಲಿಯೂ ತಾಮ್ರ ಸಿಕ್ಕಿತು, ಇವತ್ತು ಹೊರಡುವ ಮೊದಲು ನೋಡಿದೆ."

ಅವನು ಗೋಡೆಯ ಕಡೆ ತಿರುಗಿದ. ಭುಜ ಅಲುಗುತ್ತಿತ್ತು. ಕೈ ಸುಟ್ಟಾಗ ಅಳದವನು.

ಲೀಲಾವತಿ ಸೆರಗಿನಲ್ಲಿ ಮುಖ ಒರೆಸಿಕೊಂಡು, "ಇದನ್ನು ಕಾರ್ಖಾನೆಯಲ್ಲಿ ಎಲ್ಲರ ಎದುರು ಹೇಳ್ಬೇಕು ರೈಗಳೇ. ಇಲ್ಲಿ ಹೇಳಿದ್ರೆ ಮಂಚಕ್ಕೆ ಮಾತ್ರ ಕೇಳುದು" ಎಂದಳು.

"ಹೇಳ್ತೇನಮ್ಮ" ಎಂದರು ರೈಗಳು. ಹೇಳಿದರು ಕೂಡ. ಹಿಂದೆ ನಕ್ಕವರ ಎದುರೇ, ಅದೇ ಜಾಗದಲ್ಲಿ ನಿಂತು. ನನ್ನ ನೌಕರಿಯಲ್ಲಿ ನಾನು ಕಂಡ ಮೇಲಧಿಕಾರಿಗಳಲ್ಲಿ ಅವರನ್ನು ಗೌರವದಿಂದ ನೆನೆಯುವುದು ಆ ಯಂತ್ರ ತಂದುಕೊಟ್ಟದ್ದಕ್ಕಲ್ಲ.

ಆಮೇಲೆ ನಮ್ಮಲ್ಲಿ ಕೆಲವು ಬದಲಾದವು. ಕಿಣ್ವ ಇಡುವ ಪಾತ್ರೆಗಳೆಲ್ಲ ಒಳಗಿರುವುದು ಹೊರಗೆ ಕಾಣುವ ಬಿಳಿಯವಾದವು. ಮನೆಯಿಂದ ತಂದದ್ದು ಚಮಚವಾದರೂ ಗೇಟಿನೊಳಗೆ ಬರಕೂಡದೆಂದಾಯಿತು. ಸುರಕ್ಷಾ ವಾಲ್ವನ್ನು ಗೋಂದು ಹಿಡಿಯದ ಬಗೆಯದಕ್ಕೆ ಬದಲಾಯಿಸಿದರು. ನಾನು ಹಠ ಹಿಡಿದು ತಂದ ನಿಯಮ ಇನ್ನೊಂದು. ಡ್ರಮ್ಮಿನ ಕಿಣ್ವ ಮೊದಲು ಪಿಂಗಾಣಿ ತಟ್ಟೆಯ ಮೇಲೆ ತನ್ನನ್ನು ತೋರಿಸಿಕೊಡಬೇಕು. ನೀಲಿ ಹೋಗಿ ಚಹಾದ ಬಣ್ಣ ಬಂದ ಮೇಲೆಯೇ ಹಬೆ ಬಿಡುವುದು. ಐದು ನಿಮಿಷದ ಕೆಲಸ. ಹೊಸಬರು ಗೊಣಗುತ್ತಿದ್ದರು. ವಸಂತನ ಕೈ ನೋಡಿದ ಮೇಲೆ ಗೊಣಗುವುದು ನಿಲ್ಲುತ್ತಿತ್ತು. ಈಗಲೂ ಅಲ್ಲಿ ಅದು ನಡೆಯುತ್ತಿದೆಯೆಂದು ಕೇಳಿದ್ದೇನೆ. ನಾನು ಬಿಟ್ಟು ಬಂದದ್ದರಲ್ಲಿ ನನಗೆ ಅತಿ ಹೆಮ್ಮೆಯದು ಅದು.

ಮಕ್ಕಳೇ, ಲೋಹದ ಅಯಾನು ಕಣ್ಣಿಗೆ ಕಾಣುವುದಲ್ಲ. ಒಂದು ಬಂದು ಕೂತರೆ ಕಿಣ್ವ ಕುದಿಯುವ ನೀರಿನಲ್ಲೂ ಬದುಕುತ್ತದೆ, ಇನ್ನೊಂದು ಬಂದು ಕೂತರೆ ಕೈ ಕಟ್ಟಿ ನಿಲ್ಲುತ್ತದೆ. ಯಾವುದು ಎಲ್ಲಿಂದ ಬಂತೆಂದು ಹುಡುಕುವಾಗ ಕೊಳವೆ, ನೀರು, ಡ್ರಮ್ಮು ನೋಡಿ. ಅಲ್ಲಿ ನಿಂತ ಮನುಷ್ಯನ ಮೇಲೆ ಕಡೆಗೆ ಕಣ್ಣು ಹಾಕಿ.

ವಸಂತ ಮರಳಿ ಕೆಲಸಕ್ಕೆ ಬರುವಾಗ ಮಳೆಗಾಲ ಮುಗಿದು ಚಳಿ ಹಿಡಿದಿತ್ತು. ಅಲ್ಲಿಯವರೆಗೆ ಆ ಕೊಳವೆಯನ್ನು ಬೇರೆಯವರು ನಡೆಸುತ್ತಿದ್ದರು, ನಾನು ರಾತ್ರಿಯೆಲ್ಲ ಎದ್ದು ಕೂರುತ್ತಿದ್ದೆ. ಅವನ ಎಡಗೈಯ ಚರ್ಮ ಇಸ್ತ್ರಿಯಿಲ್ಲದ ಬಟ್ಟೆಯ ಹಾಗೆ ನಿರಿಗೆಗಟ್ಟಿತ್ತು. ಬೆರಳುಗಳು ಮಾತ್ರ ಪೂರ್ತಿ ಮಡಚುತ್ತಿದ್ದವು. ಅವನೇ ತಟ್ಟೆ ಕೇಳಿ ತೆಗೆದುಕೊಂಡ. ಡ್ರಮ್ಮಿನ ಕಿಣ್ವ, ಬೆಂದ ಪಿಷ್ಟ, ಅಯೋಡಿನ್ ಹನಿ. ನೀಲಿ, ನೇರಳೆ, ಕೆಂಪು. ಚಹಾ.

"ಬಣ್ಣ ಬಂತು" ಎಂದ ವಸಂತ. ಕೊಳವೆಯ ಬಳಿ ಹೋದ. "ಹಾಲು ಬಿಟ್ಟೆ. ಎಂಜೈಮು ಪಂಪ್ ಹಾಕಿದೆ." ಪಂಪಿನ ಮೇಲೆ ಅಂಗೈ ಇಟ್ಟು ಅದರ ಮಿಡಿತ ನೋಡಿದ. ಆಮೇಲೆ ಚಕ್ರಕ್ಕೆ ಎಡಗೈಯನ್ನೇ ಹಾಕಿದ. "ಸ್ಟೀಮ್ ಬಿಡ್ತೇನೆ." ಸುತ್ತ ನಿಂತಿದ್ದ ಯಾರೂ ನಗಲಿಲ್ಲ. ಹಿಂದಿನಿಂದ ರೈಗಳ ದೊಡ್ಡ ಗಂಟಲು ಕೇಳಿತು. "ಬಿಡು ಮಾರಾಯ!"

ಮುಳ್ಳು ತನ್ನ ಜಾಗಕ್ಕೆ ಬಂದು ನಿಂತಿತು. ಸಂಜೆಯವರೆಗೂ ಅಲ್ಲೇ ಇತ್ತು.

ಆ ದಿನ ಮನೆಗೆ ಬಂದು ಊಟ ಮಾಡಿ ಮಲಗಿದ್ದಷ್ಟೇ ಗೊತ್ತು. ಕಣ್ಣು ಬಿಟ್ಟಾಗ ಕಿಟಕಿಯ ಬಿಸಿಲು ಮಂಚದವರೆಗೆ ಬಂದಿತ್ತು. ಗಂಡ ಶಾಲೆಗೆ ಹೊರಟು ಚಪ್ಪಲಿ ಹಾಕಿ ಬಾಗಿಲಲ್ಲಿ ನಿಂತಿದ್ದರು.

"ಎಬ್ಬಿಸ್ಲಿಕ್ಕೆ ಮನಸ್ಸು ಬರ್ಲಿಲ್ಲ" ಎಂದರು. "ಕಾಫಿ ಮುಚ್ಚಿಟ್ಟಿದ್ದೇನೆ. ನಿನ್ನ ನೆಟ್ಟಣದ ಬಸ್ಸು ಹೋಗಿ ಆಯ್ತು."